‘ನಾವು ಮಾಡಿದೆವು’ ಎಂದರೆ ಸಾಲದು



ಡಿಗ್ರಿ ಮುಗಿಸಿ ಮಂಗಳೂರು, ಬೆಂಗಳೂರು, ಕೊಚ್ಚಿಗೆಂದು ಇಂಟರ್‌ವ್ಯೂಗೆ ಹೋಗುವವರು ನಮ್ಮ ಧರ್ಮಕೇಂದ್ರದಲ್ಲಿ ಈಗ ಬಹಳ ಮಂದಿ ಇದ್ದಾರೆ. ಬಂದ ಮೇಲೆ ಕೇಳಿದರೆ ಹೆಚ್ಚಿನವರದು ಒಂದೇ ಮಾತು: ‘ಸಬ್ಜೆಕ್ಟ್‌ನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ, ಎಚ್.ಆರ್. ರೌಂಡಿನಲ್ಲಿ ಹೋಯಿತು.’

ಆ ರೌಂಡಿನಲ್ಲಿ ಕೇಳುವುದೇನು? ‘ತಂಡದಲ್ಲಿ ಜಗಳ ಬಂದಾಗ ನೀವು ಏನು ಮಾಡಿದಿರಿ? ಒಂದು ಉದಾಹರಣೆ ಹೇಳಿ.’ ‘ಸಮಯ ಕಡಿಮೆ ಇದ್ದಾಗ ಮುಗಿಸಿದ ಒಂದು ಕೆಲಸದ ಬಗ್ಗೆ ಹೇಳಿ.’ ಇವಕ್ಕೆ ಬಿಹೇವಿಯರಲ್ ಪ್ರಶ್ನೆ ಎನ್ನುತ್ತಾರೆ. ಏನು ಮಾಡುವಿರಿ ಎಂದು ಕೇಳಿದರೆ ಯಾರೂ ಒಳ್ಳೆಯದನ್ನೇ ಹೇಳಿಯಾರು. ಏನು ಮಾಡಿದಿರಿ ಎಂದು ಕೇಳಿದಾಗಲೇ ಮನುಷ್ಯ ಗೊತ್ತಾಗುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಗಾಗಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್ ಅವರ ತಂಡವೂ ಹೀಗೆ ನಿಜವಾಗಿ ನಡೆದ ಘಟನೆಗಳನ್ನೇ ಕೇಳಿ ದಾಖಲಿಸಿತು. ಆ ವಿಧಾನವನ್ನು ಅವರು 1954ರಲ್ಲಿ ಲೇಖನವಾಗಿ ಪ್ರಕಟಿಸಿದರು.

ಉತ್ತರಕ್ಕೂ ಒಂದು ಕ್ರಮ ಇದೆ. ಅದಕ್ಕೆ ಸ್ಟಾರ್ ಎಂದು ಹೆಸರು: ಸಿಚುವೇಶನ್, ಟಾಸ್ಕ್, ಆ್ಯಕ್ಷನ್, ರಿಸಲ್ಟ್. ಸಂದರ್ಭ ಏನಿತ್ತು, ನಿಮ್ಮ ಹೊಣೆ ಏನು, ನೀವು ಮಾಡಿದ್ದೇನು, ಕೊನೆಗೆ ಏನಾಯಿತು. ಅಮೆಜಾನ್ ಕಂಪೆನಿಯಂತೂ ಇದೇ ಕ್ರಮದಲ್ಲಿ ತಯಾರಾಗಿ ಬನ್ನಿ ಎಂದು ಅರ್ಜಿದಾರರಿಗೆ ತಾನೇ ಹೇಳುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ.

ಹಾಗಾದರೆ ನಮ್ಮವರು ಸಿಕ್ಕಿಬೀಳುವುದು ಎಲ್ಲಿ? ಅನುಭವ ಇಲ್ಲದೆ ಅಲ್ಲ ಎಂಬುದು ನನ್ನ ಅಭಿಪ್ರಾಯ. ಚರ್ಚಿನಲ್ಲಿ ಮಾಡಿದ ಕೆಲಸವನ್ನು ನಾವು ಅನುಭವ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೂ ಹೇಳುವುದು ಹೀಗೆ: ‘ಮೊಂತಿ ಹಬ್ಬಕ್ಕೆ ನಾವೆಲ್ಲ ಸೇರಿ ಕಬ್ಬು ಹಂಚಿದೆವು, ಎಲ್ಲ ಚೆನ್ನಾಗಿ ನಡೆಯಿತು.’ ಕೇಳುವವನಿಗೆ ಇದರಲ್ಲಿ ಏನು ಸಿಕ್ಕಿತು? ಕಬ್ಬು ಕೂಡ ಸಿಗಲಿಲ್ಲ.

ಅದೇ ಹಬ್ಬವನ್ನು ನಮ್ಮ ಯುವ ಸಂಘಟನೆಯ ಒಬ್ಬಳು ಹೇಗೆ ಹೇಳಿದಳು ನೋಡಿ. ಹಿಂದಿನ ವರ್ಷ ಒಂದೇ ಸಾಲು, ನೂಕಾಟ, ಕೊನೆಯಲ್ಲಿ ನಿಂತ ಮಕ್ಕಳಿಗೆ ಕಬ್ಬು ಇಲ್ಲ. ಈ ವರ್ಷ ಹಂಚುವ ಹೊಣೆ ಅವಳದು. ಅವಳು ಪ್ರತಿ ವಾಳೆಯ ಗುರಿಕಾರರಿಗೆ ಫೋನು ಮಾಡಿ ಮಕ್ಕಳ ಲೆಕ್ಕ ಬರೆದುಕೊಂಡಳು, ಎರಡು ಕಟ್ಟು ಹೆಚ್ಚು ತರಿಸಿದಳು, ವಾಳೆಗೊಂದು ಮೇಜು ಇಡಿಸಿದಳು. ‘ಹಬ್ಬದ ದಿನ ಜನರನ್ನು ಹೀಗೆ ಬೇರೆ ಬೇರೆ ಮಾಡುವುದು ಚಂದ ಅಲ್ಲ’ ಎಂದು ಒಬ್ಬ ಹಿರಿಯ ಗುರಿಕಾರರು ಒಪ್ಪಲಿಲ್ಲ. ಅವಳು ಅವರ ಮನೆಗೆ ಹೋಗಿ, ಹಿಂದಿನ ವರ್ಷ ಬರಿಗೈಯಲ್ಲಿ ಹೋದ ಮಕ್ಕಳ ವಿಷಯ ಹೇಳಿ, ಮೊದಲ ಮೇಜಿನ ಉಸ್ತುವಾರಿಯನ್ನು ಅವರಿಗೇ ವಹಿಸಿದಳು. ಅರ್ಧ ಗಂಟೆಯೊಳಗೆ ಹಂಚಿ ಮುಗಿಯಿತು. ಯಾವ ಮಗುವೂ ಬರಿಗೈಯಲ್ಲಿ ಹೋಗಲಿಲ್ಲ.

ಭಿನ್ನಾಭಿಪ್ರಾಯ ಹೇಗೆ ಬಗೆಹರಿಸಿದಿರಿ, ಕೆಲಸ ಹೇಗೆ ಯೋಜಿಸಿದಿರಿ, ಹಿಂದಿನ ತಪ್ಪು ಹೇಗೆ ಸರಿಪಡಿಸಿದಿರಿ? ಮೂರು ಪ್ರಶ್ನೆಗೂ ಈ ಒಂದೇ ಘಟನೆ ಸಾಕು. ಎರಡು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಸಂದರ್ಭಕ್ಕೆ ಎರಡೇ ವಾಕ್ಯ, ಹೆಚ್ಚಿನ ಸಮಯ ‘ನಾನು ಮಾಡಿದ್ದು’ ಎಂಬ ಭಾಗಕ್ಕೆ. ಬೆಂಗಳೂರಿನವರಿಗೆ ಮೊಂತಿ ಹಬ್ಬ ಗೊತ್ತಿರಬೇಕೆಂದಿಲ್ಲ. ‘ಸೆಪ್ಟೆಂಬರ್ 8ಕ್ಕೆ ನಮ್ಮಲ್ಲಿ ಹೊಸ ತೆನೆಯ ಹಬ್ಬ’ ಎಂದರೆ ಆಯಿತು.

ಇಲ್ಲಿ ಹಿರಿಯರು ತಡೆಯುತ್ತಾರೆ: ‘ನಾನು, ನಾನು ಎನ್ನುವುದು ಅಹಂಕಾರ ಅಲ್ಲವಾ ಮಗಾ?’ ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ದೀನತೆ ಕಲಿಸಿ ಬೆಳೆಸಿದವರು ಅವರೇ. ಆದರೆ ಮತ್ತಾಯನ 25ನೇ ಅಧ್ಯಾಯದ ತಲಾಂತುಗಳ ಸಾಮತಿಯನ್ನು ಒಮ್ಮೆ ಓದಿ. ಐದು ತಲಾಂತು ಪಡೆದವನು ಇಷ್ಟು ಕೊಟ್ಟಿದ್ದಿರಿ, ನಾನು ಇಷ್ಟು ಗಳಿಸಿದೆ ಎಂದು ನೇರವಾಗಿ ಲೆಕ್ಕ ಒಪ್ಪಿಸುತ್ತಾನೆ. ಧಣಿ ಅವನನ್ನು ಜಂಭದವನು ಎನ್ನುವುದಿಲ್ಲ. (ಮೂವರಲ್ಲಿ ಉದ್ದ ಭಾಷಣ ಮಾಡುವವನು ಏನೂ ಮಾಡದ ಮೂರನೆಯವನೇ!) ಮಾಡಿದ್ದನ್ನು ಮಾಡಿದಷ್ಟೇ ಹೇಳುವುದು ಲೆಕ್ಕ, ಇತರರು ಮಾಡಿದ್ದನ್ನೂ ನನ್ನದೆನ್ನುವುದು ಜಂಭ. ಮೇಜು ಹೊತ್ತ ಹುಡುಗರನ್ನು ಆ ಹುಡುಗಿ ಮರೆಯಲಿಲ್ಲ, ಅವರ ಕೆಲಸವನ್ನು ಅವರದೆಂದೇ ಹೇಳಿದಳು.

ಅದಕ್ಕೇ ಯೂಟ್ಯೂಬ್ ನೋಡಿ, ಚಾಟ್‌ಜಿಪಿಟಿ ಕೇಳಿ ಬಾಯಿಪಾಠ ಮಾಡಿದ ಉತ್ತರ ನನಗೆ ಹಿಡಿಸುವುದಿಲ್ಲ. ಸುಳ್ಳು ಹೇಳುವುದು ತಪ್ಪು ಎಂಬುದು ಹಾಗಿರಲಿ, ಅದು ನಿಲ್ಲುವುದೂ ಇಲ್ಲ. ‘ಆಗ ಅವರು ಏನೆಂದರು?’, ‘ಇನ್ನೊಮ್ಮೆ ಮಾಡುವುದಾದರೆ ಏನು ಬದಲಾಯಿಸುವಿರಿ?’ ಎಂಬ ಎರಡನೇ ಪ್ರಶ್ನೆಗೇ ಮುಗ್ಗರಿಸುತ್ತದೆ.

ಭಾಷೆಯ ಹೆದರಿಕೆಗೂ ಒಂದು ಮಾತು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತ್ ಆಫೀಸಿನಲ್ಲಿ ಮಲಯಾಳಂ. ಇಂಗ್ಲಿಷ್ ನಮಗೆ ಐದನೆಯದು. ಮೊದಲು ಘಟನೆಯನ್ನು ಕನ್ನಡದಲ್ಲೇ ಬರೆಯಿರಿ. ಅದು ಗಟ್ಟಿಯಾದ ಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಮಾಡಿ. ಮಲಯಾಳಂ ಬಾರದ ನೆರೆಮನೆಯ ಅಜ್ಜಿಯ ಪಿಂಚಣಿ ಅರ್ಜಿ ತುಂಬಿಸಿ ಕೊಟ್ಟು, ಅದು ತಿರಸ್ಕಾರವಾದಾಗ ಮತ್ತೆ ಅಲೆದವರು ನಮ್ಮಲ್ಲಿ ಎಷ್ಟಿಲ್ಲ? ಅದೂ ಒಂದು ಒಳ್ಳೆಯ ಉತ್ತರ.

ವರ್ಷಕ್ಕೊಮ್ಮೆ ಯಾರನ್ನೋ ಕರೆಸಿ ವೃತ್ತಿ ಮಾರ್ಗದರ್ಶನದ ಭಾಷಣ ಕೇಳಿ, ತಿಂಡಿ ತಿಂದು ಮನೆಗೆ ಹೋಗುವುದು ಸಾಕು. ಬ್ಯಾಂಕಿನಲ್ಲಿ ಇರುವವರು, ಗಲ್ಫ್‌ನಿಂದ ಬಂದವರು, ಆಸ್ಪತ್ರೆಯಲ್ಲಿ ದುಡಿಯುವವರು ನಮ್ಮ ವಾಳೆಗಳಲ್ಲೇ ಇದ್ದಾರೆ. ಅವರು ಪ್ರಶ್ನೆ ಕೇಳಲಿ, ನಾವು ಉತ್ತರಿಸೋಣ. ಮುಂದಿನ ಆದಿತ್ಯವಾರ ಎರಡನೇ ಪೂಜೆಯ ನಂತರ ಚರ್ಚ್ ಹಾಲ್‌ನಲ್ಲಿ ಅರ್ಧ ಗಂಟೆ ಕೂರೋಣ. ಬರುವಾಗ ನೀವೇ ಮಾಡಿದ ನಾಲ್ಕು ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ. ಒಂದಾದರೂ ಕೆಟ್ಟು ಹೋದ ಕೆಲಸ ಇರಲಿ, ಅದನ್ನೂ ಕೇಳುತ್ತಾರೆ.