ಲೇಖನಿ ಹಿಡಿದ ಕಾವಲುಗಾರ

ದೇಶರಕ್ಷಣೆಯೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಹಿಮಶಿಖರದ ಮೇಲೆ ಬಂದೂಕು ಹಿಡಿದು ನಿಂತ ಯೋಧನ ಚಿತ್ರ. ಅದು ಸಹಜ; ಆತನ ಋಣ ತೀರಿಸಲಾಗದಷ್ಟು ದೊಡ್ಡದು. ಆದರೆ ಆ ಯೋಧನನ್ನು ಯಾವ ಗಡಿಯಲ್ಲಿ, ಯಾವ ಅಪಾಯವನ್ನು ನಿರೀಕ್ಷಿಸಿ, ಯಾವ ಸಿದ್ಧತೆಯೊಡನೆ ನಿಲ್ಲಿಸಬೇಕೆಂದು ಮುಂಚಿತವಾಗಿ ಆಲೋಚಿಸುವವರೂ ಬೇಕಷ್ಟೆ. ಆ ಆಲೋಚನೆಯನ್ನೇ ಜೀವಮಾನದ ಕೆಲಸವಾಗಿಸಿಕೊಂಡು, ಅದನ್ನು ಪತ್ರಿಕೆಗಳ ಮೂಲಕ ಜನಸಾಮಾನ್ಯರ ಮುಂದಿರಿಸಿದವರು ಕೃಷ್ಣಸ್ವಾಮಿ ಸುಬ್ರಹ್ಮಣ್ಯಂ. ಈ ತಿಂಗಳು ವಾಚಕರಿಗೆ ಅವರ ಪರಿಚಯ.

1929ರ ಜನವರಿ 19ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ಸುಬ್ರಹ್ಮಣ್ಯಂ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ್ದು ರಸಾಯನಶಾಸ್ತ್ರವನ್ನು. 1951ರಲ್ಲಿ ಭಾರತೀಯ ಆಡಳಿತ ಸೇವೆಗೆ ಸೇರಿದರು. ಮುಂದಿನ ದಶಕದಲ್ಲಿ ದೇಶಕ್ಕೆ ಒಂದರ ಮೇಲೊಂದು ಆಘಾತಗಳು ಬಂದೆರಗಿದವು. 1962ರಲ್ಲಿ ಚೀನಾದೊಡನೆ ನಡೆದ ಯುದ್ಧದಲ್ಲಿ ಸೋಲು, 1964ರಲ್ಲಿ ಚೀನಾದ ಅಣುಬಾಂಬು ಪರೀಕ್ಷೆ, 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ. ಅದೇ 1965ರಲ್ಲಿ ದೆಹಲಿಯಲ್ಲಿ ರಕ್ಷಣಾ ಅಧ್ಯಯನ ಮತ್ತು ವಿಶ್ಲೇಷಣಾ ಸಂಸ್ಥೆ ಸ್ಥಾಪನೆಯಾಯಿತು. ಸುಬ್ರಹ್ಮಣ್ಯಂ ಅವರು ಲಂಡನ್ನಿನಲ್ಲಿ ಯುದ್ಧನೀತಿಯ ಅಧ್ಯಯನ ಮುಗಿಸಿಕೊಂಡು ಬಂದು, 1968ರಲ್ಲಿ ಈ ಸಂಸ್ಥೆಯ ನಿರ್ದೇಶಕರಾದರು. 1975ರವರೆಗೆ ಆ ಹೊಣೆ ಹೊತ್ತರು.

ರಕ್ಷಣೆಯೆಂಬುದು ಸೇನಾಧಿಕಾರಿಗಳಿಗೂ ಮಂತ್ರಿಗಳಿಗೂ ಮೀಸಲಾದ ಗುಟ್ಟಿನ ವಿಷಯವೆಂಬ ಭಾವನೆ ಆಗ ಬಲವಾಗಿತ್ತು. ಸುಬ್ರಹ್ಮಣ್ಯಂ ಅದನ್ನು ಒಪ್ಪಲಿಲ್ಲ. ಯುದ್ಧದ ಕಷ್ಟನಷ್ಟಗಳನ್ನು ಕಡೆಗೆ ಹೊರುವವರು ಪ್ರಜೆಗಳು. ಆದುದರಿಂದ ಅದರ ವಿಚಾರವೂ ಪ್ರಜೆಗಳ ನಡುವೆ ಚರ್ಚೆಯಾಗಬೇಕೆಂಬುದು ಅವರ ನಿಲುವಾಗಿತ್ತು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರು ಲಕ್ಷೋಪಲಕ್ಷ ಸಂಖ್ಯೆಯಲ್ಲಿ ಬಂದಾಗ, ಭಾರತವು ಸೇನಾಕ್ರಮಕ್ಕೂ ಹಿಂಜರಿಯಬಾರದೆಂದು ಅವರು ಬಹಿರಂಗವಾಗಿ ವಾದಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಯುದ್ಧ ನಡೆದು ಬಾಂಗ್ಲಾದೇಶ ವಿಮೋಚನೆ ಹೊಂದಿದ್ದು ಎಲ್ಲರಿಗೂ ತಿಳಿದ ಸಂಗತಿ.

ಅವರ ಅಧಿಕಾರ ಜೀವನವು ಏರುದಾರಿಯಲ್ಲೇ ಸಾಗಲಿಲ್ಲ. ಜಂಟಿ ಗುಪ್ತಚರ ಸಮಿತಿಯ ಅಧ್ಯಕ್ಷರಾಗಿ, ಅನಂತರ ರಕ್ಷಣಾ ಉತ್ಪಾದನಾ ಇಲಾಖೆಯ ಕಾರ್ಯದರ್ಶಿಯಾಗಿ ಉನ್ನತ ಸ್ಥಾನದಲ್ಲಿದ್ದ ಅವರನ್ನು 1980ರಲ್ಲಿ ಸರ್ಕಾರ ಬದಲಾದಾಗ ಆ ಹುದ್ದೆಯಿಂದ ತೆಗೆಯಲಾಯಿತೆಂದು ಅವರ ಪುತ್ರರೇ 2023ರ ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ಸುಬ್ರಹ್ಮಣ್ಯಂ ಮರಳಿ ಹೋದದ್ದು ಪುಸ್ತಕಗಳ ನಡುವಿನ ತಮ್ಮ ಹಳೆಯ ಸಂಸ್ಥೆಗೆ. ಅಲ್ಲಿ 1987ರವರೆಗೆ ನಿರ್ದೇಶಕರಾಗಿದ್ದು ಕಿರಿಯ ವಿದ್ವಾಂಸರ ಪೀಳಿಗೆಯೊಂದನ್ನು ಬೆಳೆಸಿದರು. ಅಧಿಕಾರ ಕೈಬಿಟ್ಟಿತು, ವಿದ್ಯೆ ಕೈಹಿಡಿಯಿತು.

ಈ ಅವಧಿಯಲ್ಲೇ ಅವರ ಕುಟುಂಬವು ಕಠಿಣ ಪರೀಕ್ಷೆಯೊಂದನ್ನು ಎದುರಿಸಿತು. 1984ರ ಆಗಸ್ಟಿನಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದನ್ನು ಅಪಹರಿಸಿ ಲಾಹೋರ್, ಕರಾಚಿಗಳ ಮಾರ್ಗವಾಗಿ ದುಬೈಗೆ ಒಯ್ಯಲಾಯಿತು. ಸುಬ್ರಹ್ಮಣ್ಯಂ ಆ ವಿಮಾನದ ಪ್ರಯಾಣಿಕರಲ್ಲೊಬ್ಬರು. ವಿದೇಶಾಂಗ ಸೇವೆಯಲ್ಲಿದ್ದ ಅವರ ಪುತ್ರ ಎಸ್. ಜೈಶಂಕರ್ ಅಪಹರಣದ ಪ್ರಕರಣವನ್ನು ನಿಭಾಯಿಸುತ್ತಿದ್ದ ತಂಡದಲ್ಲಿದ್ದರು. ಮನೆಗೆ ಬರಲಾಗದೆಂದು ತಿಳಿಸಲು ದೂರವಾಣಿ ಮಾಡಿದಾಗಲೇ ತಂದೆಯವರು ಆ ವಿಮಾನದಲ್ಲಿದ್ದಾರೆಂದು ಅವರಿಗೆ ಗೊತ್ತಾಯಿತು. ಒಂದು ಕಡೆ ಸರ್ಕಾರದ ಕರ್ತವ್ಯ, ಇನ್ನೊಂದು ಕಡೆ ಹೆತ್ತವರ ಪ್ರಾಣ. ಪುಣ್ಯವಶಾತ್ ಪ್ರಯಾಣಿಕರು ಸುರಕ್ಷಿತವಾಗಿ ಬಿಡುಗಡೆಯಾದರು. ಗ್ರಂಥಗಳಲ್ಲಿ ಚರ್ಚಿಸುವ 'ರಾಷ್ಟ್ರೀಯ ಭದ್ರತೆ'ಯು ಮನೆಯ ಹೊಸ್ತಿಲವರೆಗೂ ಬರಬಲ್ಲುದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ನಿವೃತ್ತಿಯ ಅನಂತರ ಅವರು 'ಟೈಮ್ಸ್ ಆಫ್ ಇಂಡಿಯಾ' ಮೊದಲಾದ ಪತ್ರಿಕೆಗಳ ಅಂಕಣಕಾರರಾದರು. ಭಾರತವು ಅಣ್ವಸ್ತ್ರ ಹೊಂದಬೇಕೆಂಬ ಅವರ ವಾದವನ್ನು ಅನೇಕರು ಉಗ್ರವಾದವೆಂದು ಟೀಕಿಸಿದರು. ಬಡರಾಷ್ಟ್ರಕ್ಕೆ ಬಾಂಬೇಕೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಅವರ ವಾದದ ತಿರುಳು ಬೇರೆಯಿತ್ತು: ಅಣ್ವಸ್ತ್ರವು ಕಾದಾಡುವ ಆಯುಧವಲ್ಲ, ಎದುರಾಳಿ ಅದನ್ನು ಬಳಸದಂತೆ ತಡೆಯುವುದೊಂದೇ ಅದರ ಪ್ರಯೋಜನ. 1998ರ ಮೇ ತಿಂಗಳಲ್ಲಿ ಪೋಖರಣ್ ಪರೀಕ್ಷೆಗಳಾದ ಮೇಲೆ, ರಾಷ್ಟ್ರೀಯ ಭದ್ರತಾ ಸಲಹಾ ಮಂಡಳಿಯ ಮೊದಲ ಸಂಚಾಲಕರಾದವರು ಅವರೇ. 1999ರ ಆಗಸ್ಟಿನಲ್ಲಿ ಮಂಡಳಿಯು ಪ್ರಕಟಿಸಿದ ಕರಡು ಅಣ್ವಸ್ತ್ರ ನೀತಿಯಲ್ಲಿ, ಭಾರತವು ಅಣ್ವಸ್ತ್ರವನ್ನು ಮೊದಲಾಗಿ ಪ್ರಯೋಗಿಸುವುದಿಲ್ಲವೆಂಬ ಮಾತು ಸ್ಪಷ್ಟವಾಗಿತ್ತು. ಉಗ್ರವಾದಿಯೆನಿಸಿಕೊಂಡವರು ಸಂಚಾಲಕರಾಗಿದ್ದ ಮಂಡಳಿಯಿಂದಲೇ ಈ ಸಂಯಮದ ಮಾತು ಬಂದದ್ದನ್ನು ನಾವು ಗಮನಿಸಬೇಕು.

ಅದೇ ವರ್ಷ ಕಾರ್ಗಿಲ್ ಯುದ್ಧ ಮುಗಿದೊಡನೆ ಸರ್ಕಾರವು ಅವರ ಅಧ್ಯಕ್ಷತೆಯಲ್ಲಿ ಪರಿಶೀಲನಾ ಸಮಿತಿಯನ್ನು ನೇಮಿಸಿತು. ಶತ್ರುಗಳು ಶಿಖರಗಳನ್ನು ಏರಿ ಕುಳಿತದ್ದು ನಮಗೆ ಮೊದಲೇ ಏಕೆ ತಿಳಿಯಲಿಲ್ಲವೆಂಬ ನೋವಿನ ಪ್ರಶ್ನೆಗೆ ಸಮಿತಿ ಉತ್ತರ ಹುಡುಕಬೇಕಿತ್ತು. ಗೆಲುವಿನ ಸಂಭ್ರಮದ ನಡುವೆ ಲೋಪಗಳನ್ನು ಎಣಿಸುವುದು ಯಾರಿಗೂ ಪ್ರಿಯವಾದ ಕೆಲಸವಲ್ಲ. ಸಮಿತಿಯು ಗುಪ್ತಚರ ವ್ಯವಸ್ಥೆಯ ಕೊರತೆಗಳನ್ನು ಮುಚ್ಚಿಡದೆ ತೋರಿಸಿತು. 2000ದ ಫೆಬ್ರವರಿಯಲ್ಲಿ ವರದಿಯು ಸಂಸತ್ತಿನಲ್ಲಿ ಮಂಡನೆಯಾಯಿತು. ಕೆಲವು ಭಾಗಗಳನ್ನು ಮಾತ್ರ ಗೋಪ್ಯವಾಗಿರಿಸಲಾಯಿತು. ಸೋಲಿನಿಂದಲ್ಲದೆ ಗೆಲುವಿನಿಂದಲೂ ಪಾಠ ಕಲಿಯಬೇಕೆಂಬ ಸಂಪ್ರದಾಯಕ್ಕೆ ಅದು ನಾಂದಿಯಾಯಿತು.

ಅವರ ಜೀವನದಲ್ಲಿ ಎಲ್ಲಕ್ಕಿಂತ ಮಿಗಿಲಾಗಿ ಸ್ಮರಣೀಯವಾದ ಘಟನೆಯೂ 1999ರದೇ. ಸರ್ಕಾರವು ಪದ್ಮಭೂಷಣ ಪ್ರಶಸ್ತಿಯನ್ನು ನೀಡಬಯಸಿದಾಗ ಅವರು ವಿನಯದಿಂದ ನಿರಾಕರಿಸಿದರು. ಸರ್ಕಾರಿ ಅಧಿಕಾರಿಗಳೂ ಪತ್ರಕರ್ತರೂ ಸರ್ಕಾರದಿಂದ ಪ್ರಶಸ್ತಿ ಪಡೆಯಬಾರದೆಂಬುದು ಅವರು ಕೊಟ್ಟ ಕಾರಣ. ಇಂದು ಸನ್ಮಾನ ಸ್ವೀಕರಿಸಿದ ಕೈ ನಾಳೆ ಟೀಕೆ ಬರೆಯುವಾಗ ಒಂದಿಷ್ಟಾದರೂ ಅಳುಕದೇ ಇದ್ದೀತೆ? ಸಲಹೆ ಕೊಡುವವನ ಬೆಲೆಯಿರುವುದು ಆತನ ನಿರ್ಭೀತಿಯಲ್ಲಿ. ಶಾಲು, ಹಾರ, ಬಿನ್ನವತ್ತಳೆಗಳಿಗಾಗಿ ಹಾತೊರೆಯುವ ನಮ್ಮ ಸಮಾಜವು ಈ ನಿರಾಕರಣೆಯಿಂದ ಕಲಿಯುವುದು ಬಹಳಷ್ಟಿದೆ.

2011ರ ಫೆಬ್ರವರಿ 2ರಂದು ದೆಹಲಿಯಲ್ಲಿ ಅವರು ನಿಧನರಾದರು. ಪುತ್ರರಲ್ಲಿ ಜೈಶಂಕರ್ 2019ರಲ್ಲಿ ವಿದೇಶಾಂಗ ಸಚಿವರಾದರು. ಸಂಜಯ್ ಸುಬ್ರಹ್ಮಣ್ಯಂ ಹೆಸರಾಂತ ಇತಿಹಾಸಕಾರರು. ವಿಚಾರ ಮಾಡುವ ಮನೆಯಲ್ಲಿ ವಿಚಾರವಂತ ಮಕ್ಕಳು ಬೆಳೆಯುತ್ತಾರೆಂಬುದು ಇದರಿಂದ ವೇದ್ಯವಾಗುತ್ತದೆ. ನಮ್ಮ ಮನೆಗಳಲ್ಲಿಯೂ ಪತ್ರಿಕೆ ಬರುತ್ತದೆ. ಯುದ್ಧದ ಸುದ್ದಿ ಓದಿ ಉದ್ವೇಗಗೊಂಡು ಮಡಿಚಿಡುವ ಬದಲು, 'ಇದು ಏಕಾಯಿತು? ಮುಂದೇನು?' ಎಂದು ಮಕ್ಕಳೊಡನೆ ಹತ್ತು ನಿಮಿಷ ಮಾತನಾಡಿದರೆ ಸಾಕು. ಸುಬ್ರಹ್ಮಣ್ಯಂ ನಾಲ್ಕು ದಶಕ ಬರೆದದ್ದು ಈ ಎರಡು ಪ್ರಶ್ನೆಗಳನ್ನು ಜನರು ಕೇಳಲೆಂದೇ.