ಅಂಗಿ ಚುಚ್ಚುತೈತಿ ಅನ್ನುವುದು ಹಠ ಅಲ್ಲ

 

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ಹಿರಿಯರು ಹೇಳಿದ್ದಾರೆ. ಏನು ಉಣ್ಣಬೇಕು ಎಂಬುದು ನಮ್ಮ ಇಷ್ಟ, ಆದರೆ ಬಟ್ಟೆ ನೋಡುವವರಿಗೆ ಚೆಂದ ಕಾಣಬೇಕು ಎಂದು ಇದರ ಅರ್ಥ. ಈ ಗಾದೆ ದೊಡ್ಡವರಿಗೆ ಸರಿ ಇರಬಹುದು. ಆದರೆ ಒಂದನೇ ಇಯತ್ತೆಯ ಸಣ್ಣ ಮಕ್ಕಳಿಗೆ ಸಮವಸ್ತ್ರ ಆರಿಸುವಾಗ ನೋಡುವವರ ಕಣ್ಣಿಗಿಂತ ಹಾಕಿಕೊಳ್ಳುವವರ ಮೈ ಮುಖ್ಯ ಎಂದು ನನ್ನ ಅಭಿಪ್ರಾಯ. ಯಾಕೆ ಹೀಗೆ ಹೇಳುತ್ತೇನೆ ಎಂದು ಕೆಳಗೆ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿರಿ.

ನನಗೆ ಒಬ್ಬ ತಮ್ಮ ಇದ್ದಾನೆ. ಈ ವರ್ಷ ಒಂದನೇತ್ತೆಗೆ ಸೇರಿದ್ದಾನೆ. ಓದಲಿಕ್ಕೆ ಅವನಿಗೆ ಬೇಜಾರಿಲ್ಲ. ಅ ಆ ಇ ಈ ಮನೆಯಲ್ಲೇ ಕಲಿತಿದ್ದ. ಆದರೆ ಸಾಲಿ ಚಾಲೂ ಆದ ವಾರವೇ ಮನೆಯಲ್ಲಿ ಮುಂಜಾನೆ ಎದ್ದರೆ ಜಗಳ. ಅಂಗಿ ಹಾಕಿದ ಕೂಡಲೇ “ಚುಚ್ಚುತೈತಿ, ಕಡೀತೈತಿ, ಬ್ಯಾಡ” ಎಂದು ಅಳುತ್ತಿದ್ದ. ಗುಂಡಿ ಹಾಕಿದರೆ ತೆಗೆಯುತ್ತಿದ್ದ. ಚೊಣ್ಣದ ಇಲಾಸ್ಟಿಕ್ ಕೆಳಗೆ ಎಳೆಯುತ್ತಿದ್ದ. ಕಾಲುಚೀಲ ತೆಗೆದು ಕಟ್ಟೆಯ ಕೆಳಗೆ ಒಗೆಯುತ್ತಿದ್ದ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ “ಎಂಥಾ ಹಠಮಾರಿ ಹುಟ್ಟಿದ್ಯೋ” ಎಂದು ಬೈಯುತ್ತಿದ್ದಳು. ಅವನನ್ನು ಸಾಲಿಗೆ ಕರೆದುಕೊಂಡು ಹೋಗುವ ಕೆಲಸ ನನ್ನದು. ಅವನಿಂದ ನನಗೂ ಪ್ರಾರ್ಥನೆಗೆ ತಡವಾಗುತ್ತಿತ್ತು.

ಒಂದು ದಿನ ನನಗೆ ಸಿಟ್ಟು ಬಂದು ಅವನ ಬೆನ್ನಿಗೆ ಒಂದು ಏಟು ಹಾಕಿದೆ. ಅವನು ಅಳುವುದನ್ನು ನಿಲ್ಲಿಸಿ ಸುಮ್ಮನೆ ಅಂಗಿ ಹಾಕಿಕೊಂಡು ಬಂದ. ನಾನು ಗೆದ್ದೆ ಅಂದುಕೊಂಡೆ. ರಾತ್ರಿ ಅವನು ಮಲಗಿದಾಗ ಅಜ್ಜಿ ಕರೆದು “ಇಲ್ಲಿ ನೋಡವಾ” ಎಂದು ಅವನ ಕುತ್ತಿಗೆ ತೋರಿಸಿದಳು. ಲೇಬಲ್ ಇದ್ದ ಜಾಗದಲ್ಲಿ ಕೆಂಪಗೆ ಗೀರು ಬಿದ್ದಿತ್ತು. ಸೊಂಟದ ಸುತ್ತ ಇಲಾಸ್ಟಿಕಿನ ಗುರುತು ಬಳೆಯ ಹಾಗೆ ಮೂಡಿತ್ತು. ಅವನು ಇಷ್ಟು ದಿನ ಹೇಳಿದ್ದು ಖರೇ ಇತ್ತು. ನಾವು ಯಾರೂ ನೋಡಿರಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ನಾನು ಸಮವಸ್ತ್ರದ ವಿರೋಧಿ ಅಲ್ಲ. ಸಮವಸ್ತ್ರ ಬೇಕು. ಬಡವ, ಶ್ರೀಮಂತ ಎನ್ನುವ ಭೇದ ಕಾಣಬಾರದು ಎಂದು ಅದನ್ನು ಮಾಡಿದ್ದಾರೆ. ಸರಕಾರ ವಿದ್ಯಾವಿಕಾಸ ಯೋಜನೆಯಲ್ಲಿ 1ರಿಂದ 10ನೇ ತರಗತಿಯವರೆಗೆ ಸರಕಾರಿ ಸಾಲಿಯ ಮಕ್ಕಳಿಗೆ ಪುಸ್ತಕ ಮತ್ತು ಸಮವಸ್ತ್ರ ಪುಕ್ಕಟೆ ಕೊಡುತ್ತದೆ. ನಮ್ಮಂಥ ಮನೆಗಳಿಗೆ ಇದು ದೊಡ್ಡ ಉಪಕಾರ. ಆದರೆ ಸಮವಸ್ತ್ರ ಅಂದರೆ ಬಣ್ಣ ಒಂದೇ ಇರಬೇಕು ಎಂದು ಅರ್ಥ. ಎಲ್ಲರ ಚರ್ಮ ಒಂದೇ ಇರಬೇಕು ಎಂದು ಅರ್ಥ ಅಲ್ಲ. ನಮಗೆ ಬಂದದ್ದು ಬಟ್ಟೆ. ಹೊಲಿಸುವುದು ಮನೆಯವರ ಕೈಯಲ್ಲಿದೆ. ಅಂದ ಮೇಲೆ ಮಗುವಿಗೆ ಒಗ್ಗುವ ಹಾಗೆ ಹೊಲಿಸುವುದೂ ನಮ್ಮ ಕೈಯಲ್ಲೇ ಇದೆ.

ನಮ್ಮ ಮನೆಯಲ್ಲಿ ಏನಾಯಿತು ಅಂದರೆ, ಬಟ್ಟೆ ಕೊಡಲಿಕ್ಕೆ ಅಪ್ಪ ಒಬ್ಬನೇ ಹಳೇ ಹುಬ್ಬಳ್ಳಿಗೆ ಹೋದ. ತಮ್ಮನನ್ನು ಕರೆದುಕೊಂಡು ಹೋಗಲಿಲ್ಲ. ಒಂದು ಹಳೇ ಅಂಗಿಯ ಅಳತೆ ಕೊಟ್ಟು, ಮತ್ತೊಂದು ಜೊತೆ ರೆಡಿಮೇಡ್ ತಂದ. ‘ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು’ ಎಂದು ಗಾದೆ ಹೇಳಿ ನಾವು ನಗುತ್ತೇವೆ. ಆದರೆ ಹುಟ್ಟಿ ಆರು ವರ್ಷ ಆದ ಕೂಸು ಮನೆಯಲ್ಲೇ ಇದ್ದರೂ ಅದನ್ನು ಕೇಳದೆ ಅಂಗಿ ಹೊಲಿಸುತ್ತೇವಲ್ಲ, ಇದಕ್ಕೆ ಏನು ಹೇಳಬೇಕು?

ಈಗ ಬಟ್ಟೆ ಯಾಕೆ ಚುಚ್ಚುತ್ತದೆ ಎಂದು ನೋಡೋಣ. ನಾನು ನಮ್ಮ ವಿಜ್ಞಾನದ ಅಕ್ಕೋರನ್ನು ಕೇಳಿದೆ. ನಮ್ಮ ಚರ್ಮದ ಒಳಗೆ ಮುಟ್ಟಿದ್ದನ್ನು ತಿಳಿಸುವ ನರಗಳ ತುದಿಗಳು ಇವೆ. ಬಹಳ ಜನರಿಗೆ ಅಂಗಿ ಹಾಕಿಕೊಂಡ ಸ್ವಲ್ಪ ಹೊತ್ತಿಗೆ ಅದು ಮೈಮೇಲೆ ಇರುವುದೇ ಮರೆತುಹೋಗುತ್ತದೆ. ಕೆಲವರಿಗೆ ಮರೆಯುವುದಿಲ್ಲ. ಅವರಿಗೆ ಲೇಬಲ್ಲು, ಹೊಲಿಗೆಯ ದಪ್ಪ, ಕಾಲರಿನ ಗಟ್ಟಿ ಇಡೀ ದಿನ ಗೊತ್ತಾಗುತ್ತಲೇ ಇರುತ್ತದೆ. ಹತ್ತಿ ಬಟ್ಟೆ ಬೆವರು ಹೀರುತ್ತದೆ. ಪಾಲಿಯೆಸ್ಟರ್ ನೂಲು ಬಹಳ ಕಡಿಮೆ ಹೀರುತ್ತದೆ. ಅದಕ್ಕೇ ಟೆರಿಕಾಟ್ ಅಂಗಿ ಬೇಸಿಗೆಯಲ್ಲಿ ಮೈಗೆ ಅಂಟುತ್ತದೆ. ಹೊಸ ಬಟ್ಟೆಯಲ್ಲಿ ಗಂಜಿ ಇದ್ದರೆ ಇನ್ನೂ ಗಟ್ಟಿ.

ಅಕ್ಕೋರು ಇನ್ನೊಂದು ವಿಷಯ ಹೇಳಿದರು. ಅಮೆರಿಕ ದೇಶದಲ್ಲಿ ಟೆಂಪಲ್ ಗ್ರಾಂಡಿನ್ ಎಂಬ ವಿಜ್ಞಾನಿ ಇದ್ದಾರೆ. 1947ರಲ್ಲಿ ಹುಟ್ಟಿದವರು. ದನಕರುಗಳ ನಡವಳಿಕೆಯನ್ನು ಅಭ್ಯಾಸ ಮಾಡಿ ಹೆಸರಾದವರು. ಅವರಿಗೆ ಆಟಿಸಂ ಇದೆ. ಸಣ್ಣವರಿದ್ದಾಗ ರವಿವಾರ ಚರ್ಚಿಗೆ ಹೋಗಲು ಹಾಕುತ್ತಿದ್ದ ಒರಟು ಒಳಲಂಗ ಮೈಗೆ ಉಸುಕಿನ ಕಾಗದ ತಿಕ್ಕಿದ ಹಾಗೆ ಆಗುತ್ತಿತ್ತು ಎಂದು ಅವರು ದೊಡ್ಡವರಾದ ಮೇಲೆ ಬರೆದಿದ್ದಾರೆ. ಹಂಗಂತ ಬಟ್ಟೆ ಚುಚ್ಚುತ್ತದೆ ಅನ್ನುವ ಎಲ್ಲ ಮಕ್ಕಳಿಗೂ ಆಟಿಸಂ ಇದೆ ಎಂದಲ್ಲ. ಏನೂ ಇಲ್ಲದ ಮಕ್ಕಳಿಗೂ ಮೈ ಸೂಕ್ಷ್ಮ ಇರಬಹುದು. ಅಷ್ಟು ದೊಡ್ಡ ವಿಜ್ಞಾನಿಗೇ ಅದನ್ನು ಬರೆದು ತಿಳಿಸಲಿಕ್ಕೆ ದೊಡ್ಡವರಾಗಬೇಕಾಯಿತು. ನನ್ನ ತಮ್ಮ ಆರು ವರ್ಷದವ. ಅವನಿಗೆ ಬರುವ ಮಾತು “ಬ್ಯಾಡ” ಒಂದೇ.

ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. 1957ರಲ್ಲಿ ಶುರುವಾದದ್ದು. ಅಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ ಎಂದು ನಮಗೆಲ್ಲ ಹೆಮ್ಮೆ. ಧ್ವಜದ ಬಟ್ಟೆಯ ನೂಲು, ಬಣ್ಣ, ಅಳತೆ, ಹೊಲಿಗೆ ಎಲ್ಲವನ್ನೂ ಪರೀಕ್ಷೆ ಮಾಡುತ್ತಾರೆ. ಸ್ವಲ್ಪ ತಪ್ಪಿದರೂ ಒಪ್ಪುವುದಿಲ್ಲ. ಅದು ಸರಿಯೇ. ಆ ಧ್ವಜಕ್ಕೆ ವಂದನೆ ಮಾಡುವ ಮಗುವಿನ ಅಂಗಿಯ ಒಳಗೂ ನಾವು ಒಂದು ಸಲ ಕೈ ಆಡಿಸಿ ನೋಡಬಾರದೇ?

ಆಮೇಲೆ ನಾವು ಏನು ಮಾಡಿದೆವು ಎಂದು ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಇಂಥ ತಮ್ಮ ತಂಗಿ ಇದ್ದರೆ ಉಪಯೋಗ ಆಗಬಹುದು.

ಮೊದಲನೆಯದಾಗಿ, ಲೇಬಲ್ ತೆಗೆದೆವು. ಕತ್ತರಿಯಿಂದ ಕತ್ತರಿಸಿದರೆ ತುದಿ ಉಳಿದು ಇನ್ನೂ ಜಾಸ್ತಿ ಚುಚ್ಚುತ್ತದೆ. ಹೊಲಿಗೆ ಬಿಚ್ಚಿ ಪೂರಾ ತೆಗೆಯಬೇಕು.

ಎರಡನೆಯದಾಗಿ, ಅಂಗಿಯನ್ನು ಮೂರು ಸಲ ನೆನೆಹಾಕಿ ಒಗೆದೆವು. ಗಂಜಿ ಹೋಗಿ ಮೆತ್ತಗಾಯಿತು. ಸಾಲಿ ಚಾಲೂ ಆಗುವುದಕ್ಕೆ ಮುಂಚೆಯೇ ಇದನ್ನು ಮಾಡಬೇಕಿತ್ತು.

ಮೂರನೆಯದಾಗಿ, ಅವ್ವ, ನಾನು, ತಮ್ಮ ಮೂವರೂ ಹಳೇ ಹುಬ್ಬಳ್ಳಿಗೆ ಹೋದೆವು. 2023ರಿಂದ ಶಕ್ತಿ ಯೋಜನೆ ಇರುವುದರಿಂದ ಅವ್ವಗೂ ನನಗೂ ಬಸ್ಸಿಗೆ ರೊಕ್ಕ ಇಲ್ಲ. ಇಂಡಿ ಪಂಪ್ ಹತ್ತಿರದ ಟೇಲರ್ ಕಾಕಾ ತಮ್ಮನನ್ನು ಸ್ಟೂಲಿನ ಮೇಲೆ ನಿಲ್ಲಿಸಿ “ಎಲ್ಲಿ ಚುಚ್ಚತೈತಿ ತೋರಿಸಪಾ ಸಾಹೇಬ” ಎಂದ. ತಮ್ಮ ಬೆರಳು ಇಟ್ಟು ತೋರಿಸಿದ, ಕುತ್ತಿಗೆ, ಬಗಲು, ಸೊಂಟ. ಅಲ್ಲಿಯವರೆಗೆ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಕಾಕಾ ಕಾಲರಿನ ಒಳಗೆ ಮೆತ್ತನೆಯ ಹತ್ತಿ ಪಟ್ಟಿ ಕೂಡಿಸಿದ. ಬಗಲಲ್ಲಿ ಸ್ವಲ್ಪ ಸಡಿಲು ಬಿಟ್ಟ. ಚೊಣ್ಣಕ್ಕೆ ಇಲಾಸ್ಟಿಕ್ ತೆಗೆದು ಲಾಡಿ ಹಾಕಿಕೊಟ್ಟ. ಹೊರಗಿನಿಂದ ನೋಡಿದರೆ ಎಲ್ಲರ ಸಮವಸ್ತ್ರದ ಹಾಗೇ ಇದೆ.

ನಾಲ್ಕನೆಯದಾಗಿ, ಒಳಗೆ ಹಳೇ ಹತ್ತಿ ಬನೀನನ್ನು ತಿರುವಿ ಹಾಕುತ್ತೇವೆ. ಕಾಲುಚೀಲವನ್ನೂ ತಿರುವಿ ಹಾಕುತ್ತೇವೆ. ಹೊಲಿಗೆ ಹೊರಗೆ ಹೋಗುತ್ತದೆ, ಬೆರಳಿಗೆ ಒತ್ತುವುದಿಲ್ಲ.

ಇನ್ನೊಂದು ಉಪಾಯ ಎಂದರೆ ದೊಡ್ಡ ಮಕ್ಕಳ ಹಳೇ ಸಮವಸ್ತ್ರ. ಒಗೆದು ಒಗೆದು ಅದು ಮೆತ್ತಗಾಗಿರುತ್ತದೆ. ಹೆಡ್ ಸರ್ ಹೇಳಿದ ಹಾಗೆ, 1995ರ ನಿಯಮದಲ್ಲಿ ಒಮ್ಮೆ ಗೊತ್ತು ಮಾಡಿದ ಸಮವಸ್ತ್ರವನ್ನು 5 ವರ್ಷ ಬದಲಿಸಬಾರದು ಎಂದು ಇದೆ. ಹಾಗಾಗಿ ಅಣ್ಣನ ಅಂಗಿ ತಮ್ಮನಿಗೆ ಆಗುತ್ತದೆ. ಹಳೇದು ಹಾಕಿಕೊಂಡು ಬಂದವರನ್ನು ನಾವು ನಗಬಾರದು. ಕೆಲವರಿಗೆ ಅದೇ ಸುಖ.

ಇದಕ್ಕೆ ವಿರೋಧವಾಗಿ ಹೇಳುವವರೂ ಇದ್ದಾರೆ. ನಮ್ಮ ಅಪ್ಪನೇ “ನಮ್ಮ ಕಾಲದಾಗ ಕೊಟ್ಟಿದ್ದನ್ನ ಹಾಕ್ಕೋತಿದ್ವಿ, ಹಿಂಗ ಕೇಳಿದರ ಹುಡುಗ್ರು ತಲಿ ಮ್ಯಾಲ ಏರ್ತಾವ” ಎಂದ. ಆ ಮಾತಿನಲ್ಲೂ ಸ್ವಲ್ಪ ನಿಜ ಇದೆ. ಎಲ್ಲವನ್ನೂ ಮಕ್ಕಳ ಇಷ್ಟಕ್ಕೆ ಬಿಡಲಿಕ್ಕೆ ಆಗುವುದಿಲ್ಲ. ಅದಕ್ಕೇ ನಾವು “ಅಂಗಿ ಹಾಕ್ಕೋತೀಯೋ ಇಲ್ಲೋ” ಎಂದು ಕೇಳುವುದಿಲ್ಲ. “ಈ ಬನೀನೋ, ಆ ಬನೀನೋ” ಎಂದು ಕೇಳುತ್ತೇವೆ. ಅಂಗಿ ಹಾಕುವುದು ಗೊತ್ತೇ ಇದೆ, ಆರಿಸುವುದು ಅವನದು. ಹಾಗೆ ಕೇಳಿದ ಮೇಲೆ ಅವನು ತಲೆಯ ಮೇಲೆ ಏರಲಿಲ್ಲ, ಜಗಳ ಕಡಿಮೆಯಾಯಿತು.

ಕೆಲವರು “ಸಾಲಿ ತಪ್ಪಿಸಲಿಕ್ಕೆ ನಾಟಕ” ಅನ್ನುತ್ತಾರೆ. ನಾಟಕವೋ ಖರೇಯೋ ತಿಳಿಯಲು ಒಂದು ದಾರಿ ಇದೆ. ರಜೆಯ ದಿನ ಏನು ಮಾಡುತ್ತಾನೆ ನೋಡಬೇಕು. ನನ್ನ ತಮ್ಮ ದೀಪಾವಳಿಗೆ ತಂದ ಹೊಳೆಯುವ ಹೊಸ ಅಂಗಿಗೂ ಅತ್ತಿದ್ದ. ಆ ದಿನ ಸಾಲಿ ಎಲ್ಲಿತ್ತು?

ಗುರುಗಳಲ್ಲಿ ನನ್ನದೊಂದು ವಿನಂತಿ. ಸಣ್ಣ ಮಕ್ಕಳು ಗುಂಡಿ ಬಿಚ್ಚಿಕೊಂಡು, ಕಾಲುಚೀಲ ಇಲ್ಲದೆ ಬಂದರೆ ಮೊದಲು ಯಾಕೆ ಎಂದು ಕೇಳಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮಕ್ಕಳನ್ನು ಹೊಡೆಯಬಾರದು, ಮನಸ್ಸಿಗೆ ನೋವು ಮಾಡಬಾರದು ಎಂದು ಇದೆ. ಕಾಯ್ದೆ ಗುರುಗಳಿಗೆ ಮಾತ್ರ ಅಲ್ಲ, ನನ್ನಂಥ ಅಕ್ಕಂದಿರೂ ಅದನ್ನು ನೆನಪಿಡಬೇಕು. ಬಟ್ಟೆ ಹಂಚುವ ದಿನ ಪಾಲಕರ ಸಭೆಯಲ್ಲಿ “ಹೊಲಿಸುವಾಗ ಮಗುವನ್ನೂ ಕರೆದುಕೊಂಡು ಹೋಗಿರಿ, ಮೊದಲೇ ಒಗೆಯಿರಿ” ಎಂದು ಎರಡು ಮಾತು ಹೇಳಿದರೂ ಸಾಕು. ಬಣ್ಣ ಅದೇ ಇದ್ದು ಬಟ್ಟೆ ಹತ್ತಿಯದು ಇದ್ದರೆ ಒಪ್ಪಿಕೊಳ್ಳಬೇಕು ಎಂದು ಎಸ್.ಡಿ.ಎಂ.ಸಿ.ಯವರಲ್ಲಿಯೂ ಕೇಳಿಕೊಳ್ಳುತ್ತೇನೆ.

ನನ್ನ ತಮ್ಮ ಈಗ ಪೂರಾ ಸರಿಹೋಗಿದ್ದಾನೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮನೆಗೆ ಬಂದ ಕೂಡಲೇ ಹೊಸ್ತಿಲಲ್ಲೇ ಅಂಗಿ ಕಳೆದು ಒಗೆಯುತ್ತಾನೆ. ಆದರೆ ಮುಂಜಾನೆ ಅಳುವುದಿಲ್ಲ. ನಾನು ಹೊಡೆದದ್ದಕ್ಕೆ ಅವನ ಕ್ಷಮೆ ಕೇಳಿದೆ. ಅವನಿಗೆ ಅದು ಅರ್ಥ ಆಗಲಿಲ್ಲ, “ಅಕ್ಕಾ, ಬನೀನು ತಿರುವಿ ಹಾಕು” ಅಂದ. ಹಾಕಿದೆ.

ಇಷ್ಟು ಹೇಳಿ ನನ್ನ ಲೇಖನ ಮುಗಿಸುತ್ತೇನೆ. ನಾಳೆ ನಿಮ್ಮ ಮನೆಯಲ್ಲಿ ಯಾರಾದರೂ ಸಣ್ಣವರು “ಚುಚ್ಚುತೈತಿ” ಎಂದರೆ ಮೊದಲು ಅಂಗಿಯ ಒಳಗೆ ಕೈ ಹಾಕಿ ನೋಡಿರಿ.

— 7ನೇ ತರಗತಿಯ ವಿದ್ಯಾರ್ಥಿನಿ