ಓದಿ ಹೇಳುವ ಉಪಕಾರ

ಇತ್ತೀಚೆಗೆ ಕಾಸರಗೋಡಿನ ನ್ಯಾಯಾಲಯದ ಜಗಲಿಯಲ್ಲಿ ವೃದ್ಧೆಯೊಬ್ಬರು ನನಗೆ ಕಾಗದವೊಂದನ್ನು ತೋರಿಸಿದರು. ಜಾಗದ ವ್ಯಾಜ್ಯಕ್ಕೆ ಸಂಬಂಧಿಸಿದ ಮಲೆಯಾಳ ಸಮನ್ಸು ಅದು. ಹಾಜರಾಗಬೇಕಿದ್ದ ದಿನ ಕಳೆದು, ಏಕಪಕ್ಷೀಯ ತೀರ್ಪೂ ಆಗಿತ್ತು. “ಯಾರಲ್ಲಿ ಓದಿಸಲಿ ಮಗಾ, ಕೇಳಲಿಕ್ಕೆ ನಾಚಿಕೆಯಾಯಿತು” ಎಂದರು.

ಅಂಥ ತೀರ್ಪಿನ ರದ್ದತಿಯನ್ನು ಕೋರಲು ಕಾನೂನು ನೀಡುವ ಅವಧಿ 30 ದಿನ. ಪುಣ್ಯವಶಾತ್ ಅದು ಮೀರಿರಲಿಲ್ಲ, ಅರ್ಜಿ ಸಲ್ಲಿಸಿದೆವು. ಆದರೆ ಐದು ನಿಮಿಷದ ಓದು ಈ ಅಲೆದಾಟವನ್ನೇ ತಪ್ಪಿಸುತ್ತಿತ್ತು.

ನಮ್ಮ ಅಹವಾಲನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಮನೆಗೆ ಬಂದ ಕಾಗದವನ್ನು ಓದಿ ಹೇಳುವ ನೆರೆಯವರನ್ನು ಮಾತ್ರ ಯಾವ ವಿಧಿಯೂ ಒದಗಿಸಲಾರದು.

ಹೆತ್ತವರೇ, ಎರಡೂ ಲಿಪಿಗಳನ್ನು ಬಲ್ಲ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ವಾರಕ್ಕೊಮ್ಮೆ ಪಕ್ಕದ ಮನೆಗೆ ಕಳುಹಿಸಿರಿ. “ಅಜ್ಜೀ, ಕಾಗದವೇನಾದರೂ ಬಂದಿದೆಯೇ?” ಎಂದು ಮಕ್ಕಳೇ ಮೊದಲು ಕೇಳಲಿ, ಹಿರಿಯರ ಸಂಕೋಚ ಕಳೆಯುವುದು ಹಾಗೆ. ಓದಿದ್ದನ್ನು ಊರಿಗೆ ಸಾರದಿರುವುದೂ ಆ ಉಪಕಾರದ ಭಾಗವೆಂದು ಅವರಿಗೆ ತಿಳಿಸಿರಿ. ಕಲಿತ ಅಕ್ಷರ ಆಗ ಪರೀಕ್ಷೆಯಾಚೆಗೂ ಒಬ್ಬರ ಮನೆಯಂಗಳವನ್ನು ಕಾಯುತ್ತದೆ.